ತಗ್ಗಿನ ಓಣಿಗೆ ಸಿಕ್ಕ ಸ್ಥಾನ

ನಮ್ಮ ಓಣಿಗೆ ಹದಿನಾರನೆಯ ಸ್ಥಾನ ಕೊಟ್ಟರು. ನಮ್ಮೂರಿನಲ್ಲಿ ಇರುವುದೇ ಹದಿನಾರು ಓಣಿ. ನಗರಸಭೆಯ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ ಎಂದು ಯಾರೋ ಹೇಳಿದರು. ಗಿರಣಿ ನಿಲ್ಲಿಸಿ, ತಲೆಯ ಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಓಡಿದೆ. ಮೇಲಿನಿಂದ ಓದುತ್ತಾ ಬಂದೆ. ಮೊದಲ ಸಾಲಿನಲ್ಲಿ ನಾವಿರಲಿಲ್ಲ, ಹೋಗಲಿ ಎಂದುಕೊಂಡೆ. ಐದರಲ್ಲಿ ಇರಲಿಲ್ಲ, ಹತ್ತರಲ್ಲೂ ಇರಲಿಲ್ಲ. ಕೊನೆಗೆ ಸೊಂಟ ಬಗ್ಗಿಸಿ ನೋಡಬೇಕಾಯಿತು. ಎಲ್ಲಕ್ಕಿಂತ ಕೆಳಗೆ, ಮೂಲೆಗೆ ತಳ್ಳಿದ ಹಾಗೆ, ತಗ್ಗಿನ ಓಣಿ ಎಂದು ಬರೆದಿತ್ತು. ನನ್ನ ಹಿಂದೆ ನಿಂತಿದ್ದ ಮೇಲ್ಪೇಟೆಯ ಹೆಂಗಸೊಬ್ಬಳು ಪಾಪ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಪಾಪ ಎಂದದ್ದು ಮಾತ್ರ ಮೈಯೆಲ್ಲ ಉರಿಸಿತು.

ಪಟ್ಟಿ ಯಾವುದರದೆಂದರೆ, ಊರು ಹಗುರಾದ ಮೇಲೆ ಯಾವ ಓಣಿ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದರದು. ವರ್ಷಕ್ಕೆ ಒಂದು ಸಲವೋ ಎರಡು ಸಲವೋ ನಮ್ಮೂರು ಹಗುರಾಗುತ್ತದೆ. ಯಾವಾಗ ಎಂದು ಮೊದಲೇ ತಿಳಿಯುವುದಿಲ್ಲ. ಹಂಡೆಯ ನೀರು ನಡುವೆ ಗುಂಡಗೆ ಉಬ್ಬಿತೆಂದರೆ ಕಂಡವರು ಕೂಗು ಹಾಕುತ್ತಾರೆ. ಆಗ ಮಕ್ಕಳುಮರಿಗಳನ್ನು ಎಳೆದುಕೊಂಡು ಕಂಬಕ್ಕೆ ಸೊಂಟ ಕಟ್ಟಿಕೊಳ್ಳುತ್ತೇವೆ. ಅದಕ್ಕೆಂದೇ ಮನೆಮನೆಯಲ್ಲೂ ಕಂಬಗಳಿಗೆ ಕಬ್ಬಿಣದ ಬಳೆ ಹಾಕಿಸಿದ್ದೇವೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಕಟ್ಟಿಹಾಕದ್ದೆಲ್ಲ ಮೇಲೇಳುತ್ತದೆ. ಮಂಚ, ಕೊಡ, ಒನಕೆ, ಕುರಿ, ಗೋಡೆಗೆ ಆನಿಸಿದ ಸೈಕಲ್ಲು ಎಲ್ಲವೂ ಬಾಗಿಲು ಕಿಟಕಿ ಹುಡುಕಿಕೊಂಡು ಹೊರಗೆ ಹೋಗಿ ತೇಲುತ್ತವೆ. ಆಮೇಲೆ ಮೆಲ್ಲಗೆ ಇಳಿಯುತ್ತವೆ. ಇದುವರೆಗೆ ಯಾರ ತಲೆಯೂ ಒಡೆದಿಲ್ಲ. ಆದರೆ ಒಬ್ಬರ ಮನೆಯದು ಅವರದೇ ಮನೆಯಲ್ಲಿ ಇಳಿದದ್ದೂ ಇಲ್ಲ. ಎಲ್ಲವನ್ನೂ ಕಟ್ಟಿ ಇಟ್ಟುಕೊಳ್ಳಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಸೌಟಿಗೂ ಹಗ್ಗ ಕಟ್ಟುತ್ತಾ ಕೂತರೆ ಅಡಿಗೆ ಮಾಡುವುದು ಯಾವಾಗ?

ಊರು ಇಳಿಜಾರಿನಲ್ಲಿದೆ. ಮೇಲ್ಪೇಟೆ ನೆತ್ತಿಯಲ್ಲಿ, ನಾವು ಬುಡದಲ್ಲಿ. ಹಗುರಾದದ್ದಕ್ಕೂ ಇಳಿಜಾರು ತಿಳಿಯುತ್ತದೆಯೋ ಏನೋ, ಊರಿನ ಸಾಮಾನೆಲ್ಲ ತೇಲುತ್ತಾ ತೇಲುತ್ತಾ ನಮ್ಮ ಕಡೆಗೇ ಬರುತ್ತದೆ. ನಮ್ಮ ಓಣಿಯ ಅಂಗಳಗಳಲ್ಲಿ, ತಗಡಿನ ಮೇಲೆ, ಬೇವಿನ ಮರದ ಕೊಂಬೆಗಳಲ್ಲಿ ಅವು ಇಳಿಯುತ್ತವೆ. ನಾವು ಅವನ್ನು ಹೊತ್ತುಕೊಂಡು ಹೋಗಿ ಅವರವರ ಮನೆಗೆ ಮುಟ್ಟಿಸಿ ಬರುತ್ತೇವೆ. ನಮ್ಮತ್ತೆಯೂ ಹೊತ್ತವರೇ, ಅವರತ್ತೆಯೂ ಹೊತ್ತವರೇ. ಹಲ್ಲುಜ್ಜುತ್ತೇವೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಹಾಗೆಯೇ ಇದನ್ನೂ ನಾವು ಯಾರಿಗೂ ಹೇಳಿರಲಿಲ್ಲ.

ಪಟ್ಟಿ ಮಾಡಿದವಳು ನಮ್ಮ ಮನೆಯಲ್ಲೇ ಇದ್ದಳು, ಅದು ಇನ್ನೂ ದೊಡ್ಡ ಉರಿ. ಸುಮೇಧಾ ಎಂದು ಅವಳ ಹೆಸರು. ಸಂಖ್ಯಾಶಾಸ್ತ್ರ ಓದಿದ ಹುಡುಗಿ, ನಗರಸಭೆಯವರು ದೂರದಿಂದ ಕರೆಸಿದ್ದರು. ಮೇಲ್ಪೇಟೆಯಲ್ಲಿ ಒಂಟಿ ಹುಡುಗಿಗೆ ಬಾಡಿಗೆ ಮನೆ ಸಿಗದೆ ನಮ್ಮ ಅಟ್ಟದ ಕೋಣೆಗೆ ಬಂದಳು. ಬಿಸಿ ರೊಟ್ಟಿಯ ಆಸೆಗೆ ಸಂಜೆಯಾದರೆ ಕೆಳಗಿಳಿದು ಒಲೆಯ ಮುಂದೆ ಕೂರುತ್ತಿದ್ದಳು. ಒಂದೇ ಪೆಟ್ಟು ಬಿದ್ದರೂ ಕೆಲವರು ಬೇಗ ಏಳುತ್ತಾರೆ, ಕೆಲವರು ತಡವಾಗಿ ಏಳುತ್ತಾರೆ, ಅದು ಯಾಕೆ ಎಂಬುದೇ ಅವಳ ಕೆಲಸವಂತೆ. ದುಡ್ಡಿನಿಂದಲೋ, ಓದಿನಿಂದಲೋ, ಬಂಧುಬಳಗದಿಂದಲೋ, ಅಕ್ಕಪಕ್ಕದವರ ಮೇಲಿನ ನಂಬಿಕೆಯಿಂದಲೋ, ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡುವ ಲೆಕ್ಕ ಒಂದಿದೆ, ಅದಕ್ಕೆ ಮಾದರಿ ಎನ್ನುತ್ತಾರೆ ಎಂದು ವಿವರಿಸಿದಳು. ಸಾರಿನಲ್ಲಿ ಹುಳಿ ಎಷ್ಟು ಉಪ್ಪು ಎಷ್ಟು ಎಂದು ಉಂಡು ಹೇಳಿದ ಹಾಗೆ ಎಂದೆ. ಹೌದು ತುಂಗಕ್ಕ, ಆದರೆ ಊರಿನ ತುಂಬಾ ಉಣ್ಣಬೇಕು ಎಂದು ನಕ್ಕಳು. ಆ ನಗು ನೋಡಿ ಇನ್ನೊಂದು ರೊಟ್ಟಿ ಹಾಕಿದ್ದೆ.

ಮನೆಮನೆಗೂ ಹೋಗಿ ಕೇಳಿದಳು. ಎಷ್ಟು ಕಬ್ಬಿಣದ ಬಳೆ ಇವೆ, ಎಷ್ಟನೇ ಇಯತ್ತೆ ಓದಿದ್ದೀರಿ, ಕಷ್ಟಕ್ಕೆ ಬರುವ ನೆಂಟರು ಎಷ್ಟು ಮಂದಿ, ಪಕ್ಕದ ಮನೆಯವರನ್ನು ಎಷ್ಟು ನಂಬುತ್ತೀರಿ, ಒಂದರಿಂದ ಐದರೊಳಗೆ ಅಂಕ ಕೊಡಿ. ನಮ್ಮ ಪಕ್ಕದ ಮನೆ ಹುಸೇನಬಿ ಚಾಚಿಯದು. ಬಟ್ಟೆ ಹೊಲಿಯುವ ಹಿರಿಯ ಜೀವ, ಆದರೆ ನಾಲಿಗೆ ಕತ್ತರಿಗಿಂತ ಹರಿತ. ಆ ವಾರ ಬಚ್ಚಲ ನೀರಿನ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಗಿ ಮಾತು ಬಿಟ್ಟಿತ್ತು. ನಾನು ಒಂದು ಎಂದೆ. ಚಾಚಿ ಸೊನ್ನೆ ಕೊಡಬಹುದೇ ಎಂದು ಕೇಳಿದಳಂತೆ. ಕೊನೆಯ ಪ್ರಶ್ನೆ, ಊರು ಹಗುರಾದ ಮೇಲೆ ನಿಮ್ಮ ಮನೆ ಸರಿಹೋಗಲು ಎಷ್ಟು ದಿನ ಹಿಡಿಯಿತು ಎಂಬುದು. ಕಳೆದ ಸಲದ್ದು, ಅದರ ಹಿಂದಿನ ಸಲದ್ದು, ನೆನಪಿದ್ದಷ್ಟೂ ಹೇಳಿದೆವು. ನಗರಸಭೆಯವರು ಪ್ರತಿ ಸಲವೂ ಓಣಿಓಣಿಗೆ ಬಂದು ಕೇಳಿ ಬರೆದಿಟ್ಟ ಹಳೆಯ ದಾಖಲೆಯನ್ನೂ ಅವಳು ತೆಗೆಸಿ ನೋಡಿದ್ದಳು.

ಪಟ್ಟಿ ಬಂದ ದಿನ ನಾನು ರೊಟ್ಟಿ ತಟ್ಟಲಿಲ್ಲ. ಅವಳು ಕೆಳಗಿಳಿದು ಬಂದಳು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತಲೆ ತಗ್ಗಿಸಿ ಕೇಳಿದಳೇ ಹೊರತು ಸೋಲಲಿಲ್ಲ. ನಾನು ಸುಳ್ಳು ಬರೆದಿಲ್ಲ, ನಿಮ್ಮ ಓಣಿಯವರು ಹೇಳಿದ್ದನ್ನೇ ಬರೆದಿದ್ದೇನೆ ಎಂದಳು. ಮೇಲ್ಪೇಟೆಯಲ್ಲಿ ಒಂದು ಮನೆ ಒಂದು ದಿನ ಎಂದರೆ ಇನ್ನೊಂದು ಎರಡು ದಿನ ಎನ್ನುತ್ತದೆ. ನಿಮ್ಮಲ್ಲಿ ಎಲ್ಲ ಮನೆಯವರೂ ಒಂದೇ ಉತ್ತರ ಕೊಟ್ಟಿದ್ದೀರಿ, ಅದೂ ಊರಿನಲ್ಲೇ ಎಲ್ಲಕ್ಕಿಂತ ದೊಡ್ಡದು. ಹಳೆಯ ದಾಖಲೆಯಲ್ಲೂ ಹಾಗೆಯೇ ಇದೆ. ಎಲ್ಲರೂ ಮಾತಾಡಿಕೊಂಡು ಹೇಳಿದಿರೇನೋ ಅಂತ ನನಗೂ ಅನುಮಾನ ಬಂತು ಎಂದಳು. ಆ ಅನುಮಾನದ ಮಾತು ಕೇಳಿದ ಮೇಲೆ ಅವಳ ಜೊತೆ ಮಾತನಾಡುವುದನ್ನೇ ಬಿಟ್ಟೆ. ಊಟದ ತಟ್ಟೆಯನ್ನು ನಮ್ಮ ಯಜಮಾನರು ಅಟ್ಟಕ್ಕೆ ಒಯ್ದು ಕೊಡುತ್ತಿದ್ದರು.

ಬರೀ ಸ್ಥಾನವಾಗಿದ್ದರೆ ನುಂಗಿಕೊಳ್ಳುತ್ತಿದ್ದೆವು. ನಗರಸಭೆಯ ಅಧ್ಯಕ್ಷ ಮಲ್ಲಿನಾಥಯ್ಯನವರು ಕೆಟ್ಟವರಲ್ಲ, ಆದರೆ ಒಳ್ಳೆಯದು ಮಾಡಲು ಹೊರಟರೆ ಯಾರ ಮಾತೂ ಕೇಳುವವರಲ್ಲ. ಕೈಲಾಗದ ಓಣಿಯನ್ನು ಒಂದೇ ಕಡೆ ಬಿಟ್ಟರೆ ಎಂದಿಗೂ ಏಳುವುದಿಲ್ಲ, ಒಂದೆರಡು ಮನೆಯವರನ್ನು ಒಂದೊಂದು ಗಟ್ಟಿ ಓಣಿಗೆ ಹಂಚಿದರೆ ಅವರ ನಡುವೆ ಇವರೂ ಗಟ್ಟಿಯಾಗುತ್ತಾರೆ ಎಂದು ತೀರ್ಮಾನಿಸಿದರು. ನಾವು ಕೆರೆಯ ದಂಡೆಯ ಓಣಿಗೆ, ಚಾಚಿ ಮೇಲ್ಪೇಟೆಗೆ, ಕುಂಬಾರರ ಮನೆ ಸಂತೆಪೇಟೆಗೆ. ತಗ್ಗಿನ ಓಣಿಯನ್ನು ಸಮ ಮಾಡಿ ಆಟದ ಬಯಲು ಮಾಡುವುದು. ಶುಕ್ರವಾರ ಸಹಿ ಹಾಕಿ ಆದೇಶವನ್ನು ನಮ್ಮ ಓಣಿಯ ಕಮಾನಿಗೆ ಅಂಟಿಸುತ್ತೇವೆ ಎಂದು ಡಂಗುರ ಸಾರಿಸಿದರು. ಅವತ್ತೇ ಸಹಿಯಾಗಲೇಬೇಕಾದ ಕಾರಣವೂ ಇತ್ತು, ಆದೇಶಕ್ಕೆ ಸಹಿ ಬೀಳುವುದು ಸಭೆಯ ದಿನ ಮಾತ್ರ. ಮುಂದಿನ ಸಭೆಯ ಹೊತ್ತಿಗೆ ಅವರ ಅವಧಿ ಮುಗಿಯುತ್ತಿತ್ತು, ಬರುವವರಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಆ ಶುಕ್ರವಾರದ ಸಹಿಯ ಹಾಳೆ ಕಮಾನು ಮುಟ್ಟದಿದ್ದರೆ ನಮ್ಮ ಓಣಿ ಉಳಿಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಹಂಡೆಗೆ ಕೈ ಹಾಕಿದವಳು ಕೂಗಿಕೊಂಡೆ. ನೀರು ಗುಂಡಗಾಗಿತ್ತು. ಸುಮೇಧಾ ಮೆಟ್ಟಿಲ ಮೇಲೆ ನಿಂತು ಪಿಳಿಪಿಳಿ ನೋಡುತ್ತಿದ್ದಳು. ಊರು ಹಗುರಾಗುವುದನ್ನು ಲೆಕ್ಕದಲ್ಲಿ ಎಷ್ಟೋ ಸಲ ನೋಡಿದವಳು, ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಮಾತು ಬಿಟ್ಟದ್ದು ಮರೆತು ಅವಳನ್ನು ಎಳೆದುಕೊಂಡು ನನ್ನದೇ ಸೀರೆಯಿಂದ ಕಂಬಕ್ಕೆ ಬಿಗಿದೆ. ಅವಳ ಕನ್ನಡಕ ಮೂಗು ಬಿಟ್ಟು ಎದ್ದಿತು, ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಾಗಿಲಲ್ಲಿ ಚಾಚಿಯ ಹೊಲಿಗೆ ಯಂತ್ರ ತನ್ನ ಪೆಡಲನ್ನು ತಾನೇ ತುಳಿದುಕೊಳ್ಳುತ್ತಾ ತೇಲಿಹೋಯಿತು. ಮೇಲಿನಿಂದ ಮಂಚಗಳು, ಅಂಗಡಿಯ ತಕ್ಕಡಿಗಳು, ಯಾರದೋ ಮನೆಯ ಚಪ್ಪರದ ಹಂದರ, ನಗರಸಭೆಯ ಕುರ್ಚಿಗಳು ಸಾಲುಸಾಲಾಗಿ ಇಳಿದು ಬರುತ್ತಿದ್ದವು. ಸುಮೇಧಾ ಹೆದರಿ ಅತ್ತಳು. ಅಳು ನಿಂತ ಮೇಲೆ, ಎಲ್ಲ ಇಲ್ಲಿಗೇ ಬರುತ್ತಾ ಎಂದು ಕೇಳಿದಳು.

ಅನ್ನ ಬೇಯುವಷ್ಟು ಹೊತ್ತು ಕಳೆಯಿತು. ಎಲ್ಲ ಮತ್ತೆ ಭಾರವಾಯಿತು. ಓಣಿಯವರು ಸೊಂಟದ ಕಟ್ಟು ಬಿಚ್ಚಿ ಹೊರಗೆ ಬಂದೆವು. ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮಲ್ಲಿ ಒಂದು ರೂಢಿ ಇದೆ. ಇನ್ನೊಬ್ಬರದು ಅಂಗಳದಲ್ಲಿರುವಾಗ ತನ್ನದನ್ನು ಹುಡುಕಿಕೊಂಡು ಹೋಗುವಂತಿಲ್ಲ. ಚಾಚಿ ತನ್ನ ಯಂತ್ರ ಎಲ್ಲಿ ಬಿತ್ತೋ ಎಂದು ಒಂದು ಮಾತೂ ಆಡದೆ, ರಾಶಿ ಬಿದ್ದ ಬಟ್ಟೆಗಳ ಮುಂದೆ ಕೂತು ಹೊಲಿಗೆ ನೋಡಿ ಯಾರದು ಎಂದು ವಿಂಗಡಿಸಿದಳು. ಊರಿನ ಅರ್ಧ ಡಬ್ಬಿಗಳು ನನ್ನ ಗಿರಣಿಗೆ ಬಂದು ಹೋದಂಥವು, ಮುಚ್ಚಳ ನೋಡಿದರೆ ನಾನು ಮನೆ ಹೇಳುತ್ತೇನೆ. ನಮ್ಮ ಯಜಮಾನರು ನಗರಸಭೆಯ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ದಿಬ್ಬ ಹತ್ತಿದರು. ನಮ್ಮನ್ನು ಓಡಿಸಲು ಕೂತಿದ್ದ ಕುರ್ಚಿಗಳನ್ನೇ ಹೊರುತ್ತೀರಲ್ಲ ಎಂದೆ. ಕುರ್ಚಿ ಏನ್ ಮಾಡ್ಯಾವ ಎಂದು ಹೊರಟುಹೋದರು. ಸುಮೇಧಾ ಮೊದಲು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಯಾರೂ ಹೇಳದೆ ಒಂದು ತೊಟ್ಟಿಲು ಎತ್ತಿಕೊಂಡು ಮೇಲ್ಪೇಟೆಗೆ ನಡೆದಳು. ತಿರುಗಿ ಬಂದಾಗ, ಅಲ್ಲಿಯವರು ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿರುತ್ತಾರೆ, ಬಂತು ಬಂತು ಎಂದು ಒಳಗೆ ಇಟ್ಟುಕೊಳ್ಳುತ್ತಾರೆ ಎಂದು ಹೇಳಿದಳು. ಅದು ನಮಗೆ ಹೊಸದಾಗಿರಲಿಲ್ಲ. ಮೇಲಿನವರು ಕೆಟ್ಟವರೆಂದಲ್ಲ, ಅವರ ಅಂಗಳದಲ್ಲಿ ಏನೂ ಬೀಳುವುದಿಲ್ಲ, ಹೊರಲು ಅವರಿಗೆ ಏನಿದೆ?

ಎರಡನೆಯ ದಿನ ನಮ್ಮ ಗಿರಣಿಯ ತಗಡಿನ ಮೇಲೆ ಹತ್ತಿ ಕಸಬರಿಗೆ ಆಡಿಸುತ್ತಿದ್ದೆ. ಕೊಬ್ಬರಿ ಚಿಪ್ಪುಗಳ ನಡುವೆ ಒಂದು ಹಾಳೆ ಸಿಕ್ಕಿತು. ನಗರಸಭೆಯ ಮೊಹರು, ಕೆಳಗೆ ಮಲ್ಲಿನಾಥಯ್ಯನವರ ಸಹಿ, ಶುಕ್ರವಾರದ ತಾರೀಕು. ಸಹಿ ಒಣಗುವ ಮೊದಲೇ ಊರು ಹಗುರಾಗಿತ್ತು. ನಮ್ಮ ಓಣಿಯನ್ನು ಒಡೆದು ಹಂಚುವ ಆದೇಶ ನನ್ನ ಕೈಯಲ್ಲಿತ್ತು. ನಾನು ಕೆಳಗಿಳಿದು ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಒಲೆ ಎರಡು ಹೆಜ್ಜೆ ದೂರದಲ್ಲಿ ಉರಿಯುತ್ತಿತ್ತು. ಯಾರೂ ನೋಡಿರಲಿಲ್ಲ. ಕೇಳಿದರೆ ಗಾಳಿ ಒಯ್ದಿರಬಹುದು ಎಂದರೆ ಮುಗಿಯಿತು. ಸುಳ್ಳು ಹೇಳಲು ಬರದವಳಲ್ಲ ನಾನು, ಬಚ್ಚಲ ನೀರಿನ ಜಗಳದಲ್ಲಿ ಬೇಕಾದಷ್ಟು ಹೇಳಿದ್ದೆ.

ಇಟ್ಟೆನೇ ಹೊರತು ಸುಡಲಿಲ್ಲ, ಕೊಡಲೂ ಇಲ್ಲ. ಮರುದಿನ ಓಣಿ ಖಾಲಿಯಾಯಿತು. ಕುರಿಗಳೂ ಹೋದವು, ತಕ್ಕಡಿಗಳೂ ಹೋದವು. ಚಾಚಿಯ ಯಂತ್ರ ಕುಂಬಾರರ ಹಿತ್ತಲ ಬೇಲಿಯಲ್ಲಿ ಸಿಕ್ಕಿತು. ನಮ್ಮ ಮನೆಯಲ್ಲಿ ಕೊಡ ಕೊಡದ ಜಾಗದಲ್ಲಿ, ಮಂಚ ಮಂಚದ ಜಾಗದಲ್ಲಿ ಇದ್ದವು. ಸುಮೇಧಾ ಒಲೆಯ ಮುಂದೆ ಬಂದು ಕೂತಳು. ಸುತ್ತ ನೋಡಿ ಕೇಳಿದಳು.

“ನಿಮ್ಮ ಮನೆ ಸರಿಹೋಯ್ತು ಅಲ್ವಾ ತುಂಗಕ್ಕ?”

“ಇಲ್ಲ” ಎಂದೆ.

“ಯಾಕೆ? ಎಲ್ಲ ವಾಪಸ್ ಬಂದಿದೆಯಲ್ಲ.”

“ಬಂದದ್ದಲ್ಲವ್ವ, ಹೋಗೋದು ಐತಿ. ಇನ್ನೊಬ್ಬರದು ಮನ್ಯಾಗ ಇಟ್ಕೊಂಡು ನಮ್ಮನಿ ಸರಿಹೋತು ಅಂತ ಹ್ಯಾಂಗ ಹೇಳಲಿ? ನಮ್ಮನಿ ಒಂದ ಅಲ್ಲ, ಇದು ಹೋಗೂತನಕ ಓಣ್ಯಾಗ ಯಾರ ಮನಿನೂ ಸರಿಹೋಗಂಗಿಲ್ಲ.”

ಅವಳು ಬಾಯಿಗಿಟ್ಟ ರೊಟ್ಟಿಯನ್ನು ಹಾಗೇ ತಟ್ಟೆಗೆ ಇಟ್ಟಳು. ಓಣಿಯಲ್ಲಿ ಕಟ್ಟಕಡೆಯ ಸಾಮಾನು ಒಡೆಯರಿಗೆ ಮುಟ್ಟುವ ತನಕ ನಿಮ್ಮಲ್ಲಿ ಯಾರೂ ಸರಿಹೋಯಿತು ಎನ್ನುವುದಿಲ್ಲವೇ ಎಂದು ಕೇಳಿದಳು. ಇದೇನು ಕೇಳುವ ಮಾತು ಎಂದೆ. ಅದಕ್ಕೇ ಎಲ್ಲರದೂ ಒಂದೇ ಉತ್ತರ ಎಂದು ತನಗೆ ತಾನೇ ಹೇಳಿಕೊಂಡಳು. ಕೈ ತೊಳೆಯುವುದನ್ನೂ ಮರೆತು ಅಟ್ಟ ಹತ್ತಿದವಳು ಹಿಂತಿರುಗಿ, ಆ ಹೋಗಬೇಕಾದದ್ದು ಏನು ಎಂದಳು. ನಾನು ಡಬ್ಬಿಯ ಹಿಂದಿನಿಂದ ಹಾಳೆ ತೆಗೆದು ಕೊಟ್ಟೆ. ಓದಿದಳು. ಏನು ಮಾಡುತ್ತೀರಿ ಎಂದು ಕೇಳಲಿಲ್ಲ. ಹಾಗೇ ಮಡಚಿ ನನ್ನ ಕೈಗೆ ಕೊಟ್ಟು ಮೇಲೆ ಹೋದಳು.

ಸ್ವಲ್ಪ ಹೊತ್ತಿಗೆ ಹುಸೇನಬಿ ಚಾಚಿ ಹೊಸ್ತಿಲ ಮೇಲೆ ಬಂದು ನಿಂತಳು. ಬಚ್ಚಲ ಜಗಳದ ನಂತರ ನಮ್ಮ ಮನೆಯ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಓಣಿಯವರೆಲ್ಲ ಕಾಯುತ್ತಿದ್ದಾರೆ, ಅಂಗಳ ಖಾಲಿಯಾಯಿತು ಎಂದು ನೀನೊಬ್ಬಳೇ ಹೇಳಿಲ್ಲ, ನಿನ್ನ ಮನೆಯಲ್ಲಿ ಇನ್ನೂ ಏನೋ ಉಳಿದಿರುವ ಹಾಗಿದೆ ಎಂದಳು. ನಾನು ಹಾಳೆ ತೋರಿಸಿದೆ. ಚಾಚಿಗೆ ಓದು ಬರುವುದಿಲ್ಲ, ಮೊಹರು ನೋಡಿ ತಿಳಿದುಕೊಂಡಳು. ನಾನು ರೇಗಿದೆ. ಇದನ್ನು ಕೊಟ್ಟರೆ ನಾಳೆ ನೀನು ಮೇಲ್ಪೇಟೆಯಲ್ಲಿ, ನಾನು ಕೆರೆಯ ದಂಡೆಯಲ್ಲಿ, ನಿನ್ನ ಬಚ್ಚಲ ನೀರಿಗೆ ಜಗಳವಾಡಲು ಯಾರಿರುತ್ತಾರೆ, ಇದೊಂದು ಸಲ ಒಲೆಗೆ ಹಾಕಿಬಿಡೋಣ ಎಂದೆ. ಚಾಚಿ ಬೇಡ ಎನ್ನಲಿಲ್ಲ. ಹಾಕು ಎಂದೂ ಅನ್ನಲಿಲ್ಲ.

“ನಿನ್ನ ಅಂಗಳದಾಗ ಬಿದ್ದೈತಿ ತುಂಗವ್ವ” ಎಂದಳು. “ನಾಳೆ ನನ್ನ ಮಿಷಿನ್ ಯಾರ ಅಂಗಳದಾಗರ ಬಿದ್ರ, ಅವರೂ ಒಲಿ ಮುಂದ ನಿಂತು ಯೋಚ್ನಿ ಮಾಡ್ತಾರಂತ ನಾ ತಿಳ್ಕೋಬೇಕೇನು?”

ಅವಳು ಹೋದ ಮೇಲೆ ನಾನು ಒಲೆಯ ಮುಂದೆ ಕೂತು ಅತ್ತೆ. ಅವಮಾನಕ್ಕೆ, ಸಿಟ್ಟಿಗೆ, ಓಣಿಯ ಮೇಲಿನ ಮೋಹಕ್ಕೆ ಎಲ್ಲಕ್ಕೂ ಸೇರಿಸಿ ಅತ್ತೆ. ಅತ್ತು ಹಗುರಾದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಈ ಹಾಳೆ ಸುಟ್ಟರೆ ಓಣಿಯ ಗೋಡೆಗಳು ಉಳಿಯುತ್ತವೆ. ಆದರೆ ಆ ಪಟ್ಟಿಯಲ್ಲಿ ನಮಗೆ ಸಿಕ್ಕ ಸ್ಥಾನ ಸರಿಯಾಗಿಯೇ ಸಿಕ್ಕಿದೆ ಎಂದಾಗುತ್ತದೆ. ಅದನ್ನು ಸಹಿಸಿಕೊಂಡು ಬದುಕುವ ಹೆಂಗಸು ನಾನಲ್ಲ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ದಿಬ್ಬ ಹತ್ತಿದೆ. ಸುಮೇಧಾ ಜೊತೆಗೆ ಬಂದಳು, ಕಂಕುಳಲ್ಲಿ ಕಾಗದಗಳ ಕಟ್ಟು, ಕಣ್ಣು ಕೆಂಪಗೆ. ನಮ್ಮ ಹಿಂದೆ ಚಾಚಿ ಬಂದಳು, ಅವಳ ಹಿಂದೆ ಓಣಿಯ ಅರ್ಧ ಜನ ಬಂದರು. ಮಲ್ಲಿನಾಥಯ್ಯನವರು ನಮ್ಮ ಯಜಮಾನರು ಹೊತ್ತು ತಂದ ಕುರ್ಚಿಯ ಮೇಲೆಯೇ ಕೂತಿದ್ದರು. ಮೇಜಿನ ಕಾಗದಗಳನ್ನೆಲ್ಲ ಕೆದರಿ ಹಾಕಿ ಆ ಆದೇಶವನ್ನೇ ಹುಡುಕುತ್ತಿದ್ದರು. ನಾನು ಅವರ ಮುಂದೆ ಇಟ್ಟೆ.

“ಎಲ್ಲಿ ಸಿಕ್ತವ್ವ ಇದು?”

“ನಮ್ಮ ಗಿರಣಿ ತಗಡಿನ ಮ್ಯಾಲ ಬಿದ್ದಿತ್ರಿ.”

“ಓದಿ ನೋಡಿದ್ಯೇನು?”

“ಓದೀನ್ರಿ. ಓದೇ ತಂದೀನಿ.”

ಅವರು ಹಾಳೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಸುಮೇಧಾ ಕಡೆ ತಿರುಗಿದರು. ಅವಳು ಮೊದಲು ತನ್ನ ತಪ್ಪು ಹೇಳಿದಳು. ಪ್ರತಿ ಓಣಿಯೂ ತನ್ನಷ್ಟಕ್ಕೆ ತಾನು ಎದ್ದು ನಿಲ್ಲುತ್ತದೆ ಎಂದು ಹಿಡಿದು ತಾನು ಮಾದರಿ ಕಟ್ಟಿದ್ದಾಗಿಯೂ, ಈ ಊರಿನಲ್ಲಿ ಅದು ನಿಜವಲ್ಲವೆಂದೂ ಹೇಳಿದಳು. ಹದಿನೈದು ಓಣಿಗಳು ಬೇಗ ಸರಿಹೋಗುವುದು ಕಬ್ಬಿಣದ ಬಳೆಯಿಂದಲೂ ಅಲ್ಲ, ದುಡ್ಡಿನಿಂದಲೂ ಅಲ್ಲ. ತಗ್ಗಿನ ಓಣಿಯವರು ತಮ್ಮದನ್ನು ಬದಿಗಿಟ್ಟು ಅವರದನ್ನು ಹೊರುವುದರಿಂದ. ಊರಿನವರ ದಿನಗಳನ್ನೆಲ್ಲ ಇವರು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದಾರೆ, ಅದಕ್ಕೇ ಇವರ ದಿನ ದೊಡ್ಡದು. ನಂಬಿಕೆಗೆ ಅಂಕ ಕೇಳಿದಾಗ ಜಗಳಗಂಟರು ಒಂದು, ಸೊನ್ನೆ ಎಂದು ಕೊಟ್ಟರು, ನಾನು ಬಾಯಿಯನ್ನು ಲೆಕ್ಕ ಹಾಕಿದೆ, ಬೆನ್ನನ್ನು ಹಾಕಲಿಲ್ಲ ಎಂದಳು. ಹಿಂದೆ ನಿಂತಿದ್ದ ಚಾಚಿ ಜಗಳಗಂಟರು ಯಾರು ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಮಲ್ಲಿನಾಥಯ್ಯನವರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಮಾತು ಬೇಡ, ಅಂಕಿ ಬೇಕು ಎಂದರು. ಈ ಓಣಿ ಇಲ್ಲದಿದ್ದರೆ ಮೇಲಿನ ಓಣಿಗಳು ಸರಿಹೋಗಲು ಎಷ್ಟು ದಿನ ಹಿಡಿಯುತ್ತದೆ, ಅದನ್ನು ಹೇಳು, ನೋಡಿ ತೀರ್ಮಾನ ಮಾಡುತ್ತೇನೆ ಎಂದರು. ಸುಮೇಧಾ ಕಾಗದದ ಕಟ್ಟು ಬಿಚ್ಚಲೇ ಇಲ್ಲ.

“ಆ ಅಂಕಿ ಕೊಡೋಕೆ ನನ್ನಿಂದ ಆಗಲ್ಲ ಸರ್” ಎಂದಳು. “ಇವರು ತಂದು ಕೊಡದೇ ಇದ್ದ ಒಂದು ಸಲ ಇದ್ದಿದ್ದರೆ, ತಂದ ಸಲದ ಜೊತೆ ಹೋಲಿಸಿ ಹೇಳಬಹುದಿತ್ತು. ನಿಮ್ಮ ದಾಖಲೆ ಪೂರ್ತಿ ಹುಡುಕಿದೆ. ಅಂಥದ್ದು ಒಂದೂ ಇಲ್ಲ.”

ಮಲ್ಲಿನಾಥಯ್ಯನವರು ಮುಂದಿದ್ದ ಹಾಳೆಯ ಅಂಚನ್ನು ಬೆರಳಿನಿಂದ ನೇವರಿಸಿದರು. ಅದರ ಮೇಲೆ ನನ್ನ ಹಿಟ್ಟಿನ ಕೈಯ ಗುರುತು ಇತ್ತು.

“ಆ ಒಂದು ಸಲ ಇದೇ ಆಗಬಹುದಿತ್ತಲ್ಲ” ಎಂದರು ನನ್ನನ್ನು ನೋಡಿ.

“ಆಗಬಹುದಿತ್ರಿ” ಎಂದೆ. “ಆಗಗೊಡ್ಲಿಲ್ಲ.”

ನನಗೆ ಜಂಬ ಹೆಚ್ಚು ಎಂದು ಊರೆಲ್ಲ ಹೇಳುತ್ತದೆ. ಹೌದು, ಹೆಚ್ಚು. ಆ ಹೊತ್ತಿನಲ್ಲಿ ಅದು ನನ್ನೊಬ್ಬಳದಾಗಿರಲಿಲ್ಲ, ಹಿಂದೆ ನಿಂತಿದ್ದ ಅಷ್ಟೂ ಜನರದು, ನಮ್ಮತ್ತೆಯದು, ಅವರತ್ತೆಯದು. ನಾನು ತಲೆ ಎತ್ತಿಯೇ ನಿಂತಿದ್ದೆ. ಮಲ್ಲಿನಾಥಯ್ಯನವರು ಪೆನ್ನು ತೆಗೆದು ತಮ್ಮ ಸಹಿಯ ಮೇಲೆ ಒಂದು ಗೀಟು ಎಳೆದರು, ಅದರ ಮೇಲೆ ಇನ್ನೊಂದು ಎಳೆದರು. ಆಮೇಲೆ ಕುರ್ಚಿಯಿಂದ ಎದ್ದು ಮೇಜು ಬಳಸಿ ಬಂದು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

“ತಗೋರೆವ್ವ” ಎಂದರು. “ಈಗ ಇದು ನಿಮ್ಮ ಓಣೀದು.”